ಶಾಲೆಯಲ್ಲಿ ಶುಗರ್ ಚೆಕ್ ಮಾಡುವುದು ಮಗನಿಗೆ ಮರೆತೇ ಹೋಗುತ್ತದೆ, ಏನಾದರೂ ದಾರಿ ಇದೆಯಾ?

ಗಿರಿನಗರದ ಅಮ್ಮ · ಸೋಮವಾರ, ರಾತ್ರಿ 10:50

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ 11 ವರ್ಷ, 6ನೇ ಕ್ಲಾಸು. ಟೈಪ್ 1 ಡಯಾಬಿಟಿಸ್ (ಸಕ್ಕರೆ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ ಆಯಿತು. ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್ ಪೆನ್ನಿನಲ್ಲಿ ಇನ್ಸುಲಿನ್. ಮನೆಯಲ್ಲಿದ್ದಾಗ ತೊಂದರೆ ಇಲ್ಲ, ನಾನೇ ಶುಗರ್ ನೋಡುವ ಮೀಟರ್ ಹಿಡಿದುಕೊಂಡು ಹಿಂದೆ ಓಡುತ್ತೇನೆ. ಶಾಲೆಯಲ್ಲಿ ಎರಡು ಸಲ ಅವನೇ ಚೆಕ್ ಮಾಡಿಕೊಳ್ಳಬೇಕು. ಊಟಕ್ಕೆ ಮುಂಚೆ ಒಂದು, ಆಟದ ಪೀರಿಯಡ್‌ಗೆ ಮುಂಚೆ ಇನ್ನೊಂದು. ಎರಡೂ ಮರೆಯುತ್ತಾನೆ.

ನಾನು ಮಾಡದ ಉಪಾಯ ಇಲ್ಲ. ಅಲಾರಂ ಇರುವ ವಾಚ್ ಕೊಡಿಸಿದೆ. ಒಂದು ವಾರ ಕಟ್ಟಿಕೊಂಡ. ಆಮೇಲೆ ಅದು ಬ್ಯಾಗಿನ ತಳ ಸೇರಿತು, ಈಗ ಕಂಪಾಸ್ ಡಬ್ಬಿಯ ಕೆಳಗೆ ದಿನಾ ಕೂಗಿಕೊಳ್ಳುತ್ತಾ ಇರುತ್ತದೆ. ಊಟದ ಡಬ್ಬಿಯ ಮುಚ್ಚಳಕ್ಕೆ ‘ಮೊದಲು ಶುಗರ್’ ಅಂತ ಚೀಟಿ ಅಂಟಿಸಿದೆ. ಸಾರು ಸೋರಿ ಅಕ್ಷರ ಅಳಿಸಿಹೋಯಿತು. ಮುದ್ದು ಮಾಡಿ ಹೇಳಿದೆ, ಬೈದೆ, ಒಂದು ತಿಂಗಳು ಮರೆಯದಿದ್ದರೆ ಸೈಕಲ್ ಅಂದೆ. ಊಹೂಂ.

ಇನ್ಸುಲಿನ್ ಮಾತ್ರ ಒಂದು ದಿನವೂ ಮರೆತಿಲ್ಲ. ಅದೊಂದು ಸಮಾಧಾನ. ಆದರೆ ನಂಬರ್ ನೋಡದೆ ಚುಚ್ಚಿಕೊಳ್ಳುತ್ತಾನಲ್ಲ, ಅದೇ ಭಯ.

ಕಳೆದ ಗುರುವಾರ ಆಟ ಮುಗಿಸಿ ಸ್ಕೂಲ್ ವ್ಯಾನ್ ಹತ್ತಿದ್ದಾನೆ. ಮಳೆ ಬೇರೆ. ಅರ್ಧ ಗಂಟೆಯ ದಾರಿಗೆ ಒಂದೂಕಾಲು ಗಂಟೆ. ಡ್ರೈವರ್ ಫೋನ್ ಮಾಡಿ “ಮೇಡಂ, ನಿಮ್ಮ ಹುಡುಗ ಒಂಥರಾ ಇದ್ದಾನೆ, ಮಾತಾಡಿಸಿದ್ರೆ ಮಾತಾಡ್ತಿಲ್ಲ” ಅಂದರು. ಪುಣ್ಯಾತ್ಮ, ನಾನು ಹೇಳಿದ ತಕ್ಷಣ ವ್ಯಾನ್ ಪಕ್ಕಕ್ಕೆ ಹಾಕಿ ಅಂಗಡಿಯಿಂದ ಜ್ಯೂಸ್ ತಂದು ಕುಡಿಸಿದರು. ಅದಾದ ಮೇಲೂ ಮನೆಗೆ ಬಂದಾಗ ಶುಗರ್ ಬರೀ 74. ಕುಡಿಯುವ ಮುಂಚೆ ಎಷ್ಟಿತ್ತೋ ದೇವರಿಗೇ ಗೊತ್ತು.

ನಿಮ್ಮ ಮಕ್ಕಳಿಗೆ ನೆನಪು ಹೇಗೆ ಬರಿಸಿದಿರಿ?

ವೈಟ್‌ಫೀಲ್ಡ್ ಅಪ್ಪ · ಸೋಮವಾರ, ರಾತ್ರಿ 11:15

ಸೆನ್ಸರ್ ಹಾಕಿಸಿ. ಮರೆವಿನ ಪ್ರಶ್ನೆಯೇ ಇಲ್ಲ. ನಮ್ಮ ಮಗಳಿಗೆ 9 ವರ್ಷ, ತೋಳಿನ ಹಿಂಭಾಗದಲ್ಲಿ ನಾಣ್ಯದಷ್ಟು ದೊಡ್ಡ ಬಿಲ್ಲೆ. 14 ದಿನಕ್ಕೊಮ್ಮೆ ಬದಲಾಯಿಸುತ್ತೇವೆ. ನಂಬರ್ ಮೊಬೈಲಿಗೇ ಬರುತ್ತದೆ, ಇಳಿಯುತ್ತಿದೆಯಾ ಏರುತ್ತಿದೆಯಾ ಅಂತ ಬಾಣದ ಗುರುತು ಬೇರೆ.

ಗಿರಿನಗರದ ಅಮ್ಮ · ಸೋಮವಾರ, ರಾತ್ರಿ 11:22

ವಿಚಾರಿಸಿದ್ದೇವೆ ಸರ್. ತಿಂಗಳಿಗೆ ಎರಡು ಸೆನ್ಸರ್ ಅಂದರೆ ಸದ್ಯಕ್ಕೆ ನಮ್ಮ ಕೈಗೆ ಎಟುಕುವುದಿಲ್ಲ. ಶಾಲೆಗೆ ಮೊಬೈಲ್ ತರುವ ಹಾಗೂ ಇಲ್ಲ.

ವೈಟ್‌ಫೀಲ್ಡ್ ಅಪ್ಪ · ಮಂಗಳವಾರ, ಬೆಳಿಗ್ಗೆ 7:40

ರಾತ್ರಿ ಸ್ವಲ್ಪ ಧಾರಾಳವಾಗಿಯೇ ಹೇಳಿಬಿಟ್ಟೆ. ನಮ್ಮ ಮನೆಯ ಇನ್ನೊಂದು ಮುಖವನ್ನೂ ಹೇಳುತ್ತೇನೆ.

ಸೆನ್ಸರ್ ರಕ್ತವನ್ನು ಅಳೆಯುವುದಿಲ್ಲ, ಚರ್ಮದ ಕೆಳಗಿನ ದ್ರವವನ್ನು ಅಳೆಯುತ್ತದೆ. ಹಾಗಾಗಿ ಶುಗರ್ ಬೇಗ ಇಳಿಯುವಾಗ ಅದು ಕೆಲವು ನಿಮಿಷ ಹಿಂದೆ ಬೀಳುತ್ತದೆ. ಮಗಳು ಬೆವರುತ್ತಾ ಕೂತಿದ್ದಾಳೆ, ಮೊಬೈಲ್ 95 ತೋರಿಸುತ್ತಿದೆ, ಬೆರಳು ಚುಚ್ಚಿ ನೋಡಿದರೆ 66. ರಾತ್ರಿ ಆ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಸುಳ್ಳು ಲೋ (ಶುಗರ್ ಕಡಿಮೆ ಅಂತ) ತೋರಿಸುತ್ತದೆ. ಮೂರು ಗಂಟೆಗೆ ಅಲಾರಂ ಹೊಡೆದು, ನಿದ್ದೆಗಣ್ಣಲ್ಲಿ ಗ್ಲೂಕೋಸ್ ಕುಡಿಸಿ, ಬೆಳಿಗ್ಗೆ 260 ನೋಡಿ ತಲೆ ಚಚ್ಚಿಕೊಂಡಿದ್ದೇವೆ. ಮೀಟರ್ ಅಂತೂ ಮನೆಯಲ್ಲಿ ಇರಲೇಬೇಕು.

ಅದಕ್ಕಿಂತ ದೊಡ್ಡದು, ನಾನು ಆಫೀಸಿನಲ್ಲಿ ಕೂತು ಅವಳ ಗ್ರಾಫ್ ನೋಡುತ್ತಾ ಇರುತ್ತಿದ್ದೆ. 200 ದಾಟಿದ ಕೂಡಲೇ ಟೀಚರ್‌ಗೆ ಮೆಸೇಜ್. ಒಂದು ದಿನ ಮಗಳು ಕೇಳಿದಳು: “ಅಪ್ಪಾ, ನಾನು ಶಾಲೆಗೆ ಹೋದ್ಮೇಲೂ ನೀನು ನನ್ನ ತೋಳಲ್ಲೇ ಕೂತಿರ್ತೀಯಾ?” ಆವತ್ತಿನಿಂದ ಲೋ ಅಲಾರಂ ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿದ್ದೇನೆ.

ಹಸಿರು ಮನೆ · ಮಂಗಳವಾರ, ಬೆಳಿಗ್ಗೆ 9:05

ಇಷ್ಟು ಚಿಕ್ಕ ಮಗುವಿಗೆ ಇಷ್ಟೊಂದು ಚುಚ್ಚುವುದೇ ತಪ್ಪು. ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ನೆನೆಸಿದ ಮೆಂತ್ಯ, ದಿನಕ್ಕೆ ಎರಡು ಇನ್ಸುಲಿನ್ ಗಿಡದ ಎಲೆ. ನಮ್ಮ ಟೆರೇಸ್ ಮೇಲೆ ಬೇಕಾದಷ್ಟು ಇದೆ, ಬಂದು ಕಿತ್ತುಕೊಂಡು ಹೋಗಿ. ನಿಧಾನಕ್ಕೆ ಇಂಜೆಕ್ಷನ್ ನಿಲ್ಲಿಸಬಹುದು.

ಶುಗರ್ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 9:20

ಅಮ್ಮಾ, ಮೇಲಿನ ಮಾತನ್ನು ದಯವಿಟ್ಟು ಪಕ್ಕಕ್ಕಿಡಿ. ನಾನು ನರ್ಸ್, ಮಕ್ಕಳ ಶುಗರ್ ಕ್ಲಿನಿಕ್ಕಿನಲ್ಲೇ ಕೆಲಸ.

ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿರುತ್ತದೆ. ಅಂಗಡಿಯೇ ಮುಚ್ಚಿರುವಾಗ ಎಲೆ ತಿಂದರೆ ಸಾಮಾನು ಎಲ್ಲಿಂದ ಬರಬೇಕು? ಇನ್ಸುಲಿನ್ ನಿಲ್ಲಿಸಿದ ಮಗು ಒಂದೆರಡು ದಿನದಲ್ಲೇ ವಾಂತಿ, ಹೊಟ್ಟೆನೋವು, ಏದುಸಿರು ಅಂತ ಐಸಿಯುಗೆ ಬರುತ್ತದೆ. ಅಂಥ ಮಕ್ಕಳನ್ನು ನಾನು ಕೈಯಾರೆ ನೋಡಿಕೊಂಡಿದ್ದೇನೆ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಹಾಗಲಕಾಯಿ ಆಗಲೂ ಇತ್ತು.

ಗೊಜ್ಜು ಮಾಡಿ ತಿನ್ನಿ, ಬೇಡ ಅನ್ನುವುದಿಲ್ಲ.

ಹಸಿರು ಮನೆ · ಮಂಗಳವಾರ, ಬೆಳಿಗ್ಗೆ 9:41

ನಮ್ಮ ಮಾವನಿಗೆ ಗುಣ ಆಗಿದೆ, ಅದಕ್ಕೆ ಹೇಳಿದೆ.

ಶುಗರ್ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 9:44

ನಿಮ್ಮ ಮಾವನಿಗೆ ಇರುವುದು ಟೈಪ್ 2 ಇರಬೇಕು. ಅದರಲ್ಲಿ ದೇಹ ಇನ್ನೂ ಇನ್ಸುಲಿನ್ ತಯಾರಿಸುತ್ತದೆ, ಅದು ಸಾಲದು ಅಷ್ಟೇ. ಹೆಸರು ಒಂದೇ, ಕಥೆ ಬೇರೆ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಬರಹದಲ್ಲಿ ಒಂದು ಮಾತು ನನಗೆ ಚುಚ್ಚಿತು. ಇನ್ಸುಲಿನ್ ಒಂದು ದಿನವೂ ಮರೆತಿಲ್ಲ, ಚೆಕ್ ಮಾತ್ರ ದಿನಾ ಮರೆಯುತ್ತಾನೆ. ಎರಡೂ ಒಂದೇ ಹೊತ್ತಿಗೆ, ಒಂದೇ ಬ್ಯಾಗಿನಲ್ಲಿ ಇರುವ ಕೆಲಸ. ಒಂದು ನೆನಪಿದ್ದು ಇನ್ನೊಂದು ಮರೆಯುತ್ತದೆ ಅಂದರೆ ಅದು ಮರೆವು ಹೌದಾ? ಸ್ವಲ್ಪ ಯೋಚನೆ ಮಾಡಿ.

ಇದರ ನಡುವೆ ಒಂದು ಸಣ್ಣ ಕೆಲಸ. ಪೆನ್ನು, ಮೀಟರ್, ರಕ್ತದ ಹನಿ ಹಾಕುವ ಸ್ಟ್ರಿಪ್ಪಿನ ಡಬ್ಬಿ ಮೂರನ್ನೂ ಒಂದೇ ಪೌಚಿನಲ್ಲಿ ಇಡಿ. ಪೆನ್ನಿಗೆ ಮೀಟರನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಪೆನ್ನು ಬೇಕು ಅಂದರೆ ಮೀಟರ್ ಕೈಗೆ ಬರಲೇಬೇಕು. ಅಲಾರಂ ಹೊಡೆದಾಗ ಮಗು ಎಲ್ಲೋ ಇರುತ್ತದೆ, ಪೌಚು ಇನ್ನೆಲ್ಲೋ. ಈಗಾಗಲೇ ಮರೆಯದೆ ಮಾಡುವ ಕೆಲಸಕ್ಕೆ ಇದನ್ನು ಕಟ್ಟಿಹಾಕಿದರೆ ಜಾಸ್ತಿ ದಿನ ನಿಲ್ಲುತ್ತದೆ.

ಊಟದ ಮುಂಚಿನ ನಂಬರ್ ಯಾಕೆ ಬೇಕು ಅನ್ನುವುದನ್ನೂ ಅವನಿಗೆ ಬಿಡಿಸಿ ಹೇಳಿ. 65 ಇದ್ದಾಗ ನೋಡದೆ ಚುಚ್ಚಿಕೊಂಡರೆ ಊಟ ಹೊಟ್ಟೆಯಲ್ಲಿ ಕರಗುವ ಮುಂಚೆಯೇ ಇನ್ನೂ ಇಳಿಯಬಹುದು. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಚೆಕ್. ದೊಡ್ಡವರಿಗೆ 15 ಗ್ರಾಂ ಅನ್ನುತ್ತೇವೆ. ಮಕ್ಕಳಿಗೆ ಕೆಜಿಗೆ ಸುಮಾರು 0.3 ಗ್ರಾಂ ಲೆಕ್ಕ. ನಿಮ್ಮ ಮಗ 30 ಕೆಜಿ ಇದ್ದರೆ 9-10 ಗ್ರಾಂ, ಅಂದರೆ ಎರಡು ಟೀ ಚಮಚ ಸಕ್ಕರೆ ನೀರಿಗೆ ಹಾಕಿ. ಚಾಕೊಲೇಟ್ ಬೇಡ. ಅದರಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಆಟಕ್ಕೆ ಮುಂಚೆ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಮೈದಾನಕ್ಕೆ ಇಳಿಯಬೇಕು. ಓಡಾಡಿದ ಪರಿಣಾಮ ಆಟ ಮುಗಿದ ಮೇಲೂ ಗಂಟೆಗಟ್ಟಲೆ ಇರುತ್ತದೆ, ಗುರುವಾರ ವ್ಯಾನಿನಲ್ಲಿ ಆದದ್ದು ಅದೇ. ನಿಮ್ಮ ಡಾಕ್ಟರ್ ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ನಡೆಯಲಿ.

ಹನ್ನೆರಡು ವರ್ಷದ ಸೂಜಿ · ಮಂಗಳವಾರ, ಮಧ್ಯಾಹ್ನ 1:30

ಸಿಸ್ಟರ್ ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನನಗೆ 20. ಟೈಪ್ 1 ಬಂದದ್ದು 8ನೇ ವಯಸ್ಸಿಗೆ. ಈಗ ಇಂಜಿನಿಯರಿಂಗ್.

ನಾನೂ ಮೂರು ವರ್ಷ “ಮರೆತೆ”. 12ರಿಂದ 15ರವರೆಗೆ. ಮನೆಯವರು ಬೇಜಾರಾಗಬಾರದು ಅಂತ ನೋಟ್‌ಬುಕ್ಕಿನಲ್ಲಿ ನಂಬರ್ ಮಾತ್ರ ತಪ್ಪದೆ ಬರೆಯುತ್ತಿದ್ದೆ. 124, 131, 118. ಸೊನ್ನೆಯಲ್ಲಿ ಕೊನೆಯಾಗುವ ನಂಬರ್ ಬರೆಯುತ್ತಿರಲಿಲ್ಲ, ಅನುಮಾನ ಬರುತ್ತದೆ ಅಂತ. ಬರೆಯಲು ಎರಡು ಬೇರೆ ಬೇರೆ ಪೆನ್ನು ಬಳಸುತ್ತಿದ್ದೆ. ಒಂದು ಸಲವಂತೂ ಪುಟಕ್ಕೆ ರಕ್ತದ ಚುಕ್ಕೆಯನ್ನೂ ಒತ್ತಿದ್ದೆ. ಅಷ್ಟು ಶ್ರದ್ಧೆ ಓದಿನಲ್ಲಿ ಇದ್ದಿದ್ದರೆ ರ‍್ಯಾಂಕ್ ಬರುತ್ತಿತ್ತು.

ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ತೋರಿಸುವ ರಕ್ತ ಪರೀಕ್ಷೆ) ಬಂತು, 10. ನೋಟ್‌ಬುಕ್ಕಿನ ಸರಾಸರಿ 126ರ ಹತ್ತಿರ. ಹಾಗಿದ್ದರೆ 6 ಬರಬೇಕಿತ್ತು. 10 ಅಂದರೆ ಎರಡು ಮೂರು ತಿಂಗಳ ಸರಾಸರಿ 240. ಡಾಕ್ಟರ್ ಏನೂ ಮಾತಾಡದೆ ನನ್ನ ಮೀಟರ್ ತೆಗೆದುಕೊಂಡು ಅದರ ಮೆಮೊರಿ ಒತ್ತುತ್ತಾ ಹೋದರು. ಮೀಟರ್ ತಾರೀಕು, ಸಮಯ ಎಲ್ಲ ಇಟ್ಟುಕೊಂಡಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. 19 ದಿನ ಖಾಲಿ.

ಯಾಕೆ ಮಾಡಿದೆ ಅಂದರೆ, ಮೀಟರ್‌ನಲ್ಲಿ 280 ಅಂತ ಬಂದಾಗ ಅಮ್ಮನ ಮುಖ ಹೇಗಾಗುತ್ತಿತ್ತು ಅಂತ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಪ್ಪ ಒಂದೇ ಮಾತು ಕೇಳುತ್ತಿದ್ದರು. “ಏನು ತಿಂದೆ?” ನಾನು ಏನೂ ತಿಂದಿರದಿದ್ದರೂ ಅದೇ ಪ್ರಶ್ನೆ. ಜ್ವರ ಬಂದರೂ ಏರುತ್ತದೆ, ಪರೀಕ್ಷೆಯ ಟೆನ್ಶನ್‌ಗೂ ಏರುತ್ತದೆ, ಮೀಸೆ ಚಿಗುರುವ ವಯಸ್ಸಿನಲ್ಲಿ ಹಾರ್ಮೋನ್‌ನಿಂದ ಸುಮ್ನೆ ಏರುತ್ತದೆ. ಆದರೆ ಮನೆಯಲ್ಲಿ ಅದು ಮಾರ್ಕ್ಸ್ ಕಾರ್ಡ್ ಆಗಿಬಿಟ್ಟಿತ್ತು. ದಿನಕ್ಕೆ ಆರು ಸಲ ಫೇಲ್ ಆಗಲು ಯಾರಿಗೆ ಇಷ್ಟ? ಚೆಕ್ ಮಾಡದಿದ್ದರೆ “ಮರೆತೆ” ಅಂತ ಒಂದು ಬೈಗುಳ. ಮಾಡಿ 280 ಬಂದರೆ ಅರ್ಧ ಗಂಟೆ ವಿಚಾರಣೆ. ಲೆಕ್ಕ ಹಾಕಿ.

ಆಂಟಿ, ಒಂದೇ ಪ್ರಶ್ನೆ. ನಂಬರ್ ಜಾಸ್ತಿ ಬಂದಾಗ ನೀವು ಮೊದಲು ಆಡುವ ಮಾತು ಯಾವುದು?

ಗಿರಿನಗರದ ಅಮ್ಮ · ಮಂಗಳವಾರ, ರಾತ್ರಿ 9:58

“ಏನು ತಿಂದೆ?”

ಅಕ್ಷರಕ್ಕೆ ಅಕ್ಷರ ಅದೇ.

ಕೋರಮಂಗಲದಿಂದ · ಮಂಗಳವಾರ, ರಾತ್ರಿ 10:30

ನಾನು ಒಪ್ಪುವುದಿಲ್ಲ. ಈಗಿನ ಮಕ್ಕಳಿಗೆ ಎಲ್ಲದಕ್ಕೂ ಮುದ್ದು ಜಾಸ್ತಿ ಆಯಿತು. ನನ್ನ ಮಗಳಿಗೆ 15. ಕಣ್ಣು, ಕಿಡ್ನಿ ಏನಾಗುತ್ತದೆ ಅಂತ ಚಿಕ್ಕವಳಿದ್ದಾಗಲೇ ಕೂರಿಸಿ ಹೇಳಿದ್ದೇನೆ. ಒಂದು ಚೆಕ್ ತಪ್ಪಿದರೆ ಆ ದಿನ ಮೊಬೈಲ್ ಇಲ್ಲ. ದಂಡಂ ದಶಗುಣಂ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಹನ್ನೆರಡು ವರ್ಷದ ಸೂಜಿ · ಮಂಗಳವಾರ, ರಾತ್ರಿ 10:41

ದಂಡಕ್ಕೆ ಹೆದರಿ ನಾನು ಕಲಿತದ್ದು ಸುಳ್ಳು ಬರೆಯುವುದನ್ನು ಆಂಟಿ. ಒಂದು ಸಲ ಮಗಳ ಮೀಟರ್ ಮೆಮೊರಿ ನೋಡಿ.

ಚಾಮರಾಜಪೇಟೆ ಮೇಷ್ಟ್ರು · ಬುಧವಾರ, ಬೆಳಿಗ್ಗೆ 6:15

ಶಾಲೆಯ ಕಡೆಯಿಂದ ಎರಡು ಮಾತು. ನಾನು ಹೈಸ್ಕೂಲ್ ಮೇಷ್ಟ್ರು.

ಮೊದಲು ಮಗನನ್ನು ಕೇಳಿ, ಶಾಲೆಯಲ್ಲಿ ಎಲ್ಲಿ ಚುಚ್ಚಿಕೊಳ್ಳುತ್ತಾನೆ ಅಂತ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಶೌಚಾಲಯಕ್ಕೆ ಹೋಗಿ ಮಾಡಿಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಮೀಟರ್, ಇನ್ನೊಂದರಲ್ಲಿ ಸ್ಟ್ರಿಪ್, ಇಡಲು ಜಾಗ ಇಲ್ಲ, ಹೊರಗೆ ಹುಡುಗರು ಬಾಗಿಲು ಬಡಿಯುತ್ತಾರೆ. ಇನ್ಸುಲಿನ್ ಪೆನ್ನು ಅಂಗಿ ಎತ್ತಿದರೆ ಹತ್ತು ಸೆಕೆಂಡಿನ ಕೆಲಸ. ಚೆಕ್ ಮಾಡುವುದು ಹಾಗಲ್ಲ. ಮೇಜು ಬೇಕು, ಬೆಳಕು ಬೇಕು, ಕೈ ತೊಳೆಯಬೇಕು. ಹೀಗಾಗಿ ಅವನೂ ಇನ್ಸುಲಿನ್ ಬಿಡುತ್ತಿರಲಿಲ್ಲ, ಚೆಕ್ ಬಿಡುತ್ತಿದ್ದ. ಸಿಸ್ಟರ್ ಪ್ರಶ್ನೆಗೆ ಇದೂ ಒಂದು ಉತ್ತರ ಇರಬಹುದು.

ನಮ್ಮ ತಪ್ಪೂ ಇದೆ. ಬೇರೊಬ್ಬ ಮೇಷ್ಟ್ರು ಅವನ ಚುಚ್ಚುವ ಸಾಧನ ನೋಡಿ “ಚೂಪಾದ ವಸ್ತು ತರಬಾರದು” ಅಂತ ಕಿತ್ತಿಟ್ಟುಕೊಂಡಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಗೊತ್ತಿರಲಿಲ್ಲ. ಹಾಗಾಗಿ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ಡಾಕ್ಟರ್ ಸಹಿ ಇರುವ ಒಂದು ಪುಟದ ಪತ್ರ ಕೊಡಿ. ಕ್ಲಾಸಿನಲ್ಲೇ, ತನ್ನ ಡೆಸ್ಕಿನಲ್ಲೇ ಚೆಕ್ ಮಾಡಿಕೊಳ್ಳಲು ಅನುಮತಿ ಕೇಳಿ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದನ್ನೇ ಹೇಳಿ ರಾಜ್ಯಗಳಿಗೆ ಪತ್ರ ಬರೆದಿದೆ. ಟೈಪ್ 1 ಇರುವ ಮಗುವಿಗೆ ಕ್ಲಾಸಿನಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಬಿಡಬೇಕು ಅಂತ. ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಯ ಹಾಲಿಗೆ ತಿನ್ನುವ ಪದಾರ್ಥ ತರಲು ಇಂಥ ಮಕ್ಕಳಿಗೆ ಅವಕಾಶ ಕೊಟ್ಟಿತು. ಪತ್ರದಲ್ಲಿ ಇದನ್ನೂ ಒಂದು ಸಾಲು ಸೇರಿಸಿ. ಆಯೋಗದ ಪತ್ರ ಅಂದರೆ ಹೆಡ್‌ಮಾಸ್ಟರುಗಳು ಸ್ವಲ್ಪ ನೆಟ್ಟಗೆ ಕೂರುತ್ತಾರೆ, ನಾನೂ ಸೇರಿ.

ಕ್ಲಾಸಿಗೆ ಹೇಳುವುದೋ ಬೇಡವೋ ಅನ್ನುವುದು ಮಾತ್ರ ಅವನ ಇಷ್ಟ. ನಮ್ಮ ಹುಡುಗ ಒಪ್ಪಿದ ಮೇಲೆ ನಾನೇ ಎಲ್ಲರೆದುರು ನನ್ನ ಬೆರಳು ಚುಚ್ಚಿಸಿಕೊಂಡೆ. 168 ಬಂತು! ಮಾರನೇ ದಿನ ಲ್ಯಾಬಿಗೆ ಓಡಿದ್ದು ನಾನು. ಅದು ಬೇರೆ ಕಥೆ.

ಗವೀಪುರದ ಅಜ್ಜಿ · ಬುಧವಾರ, ಬೆಳಿಗ್ಗೆ 10:10

ಮೇಷ್ಟ್ರೇ ನಿಮ್ಮದು ಈಗ ಎಷ್ಟಿದೆ?

ಚಾಮರಾಜಪೇಟೆ ಮೇಷ್ಟ್ರು · ಬುಧವಾರ, ಬೆಳಿಗ್ಗೆ 10:32

ಮಾತ್ರೆ, ವಾಕಿಂಗ್. ಬನ್ನು ಬಿಟ್ಟಿದ್ದೇನೆ ತಾಯಿ. ಬೆಣ್ಣೆ ಬಿಸ್ಕತ್ತು ಬಿಡಲಾಗಿಲ್ಲ.

ಕಾಮಾಕ್ಷಿಪಾಳ್ಯ ಆಟೋ · ಬುಧವಾರ, ರಾತ್ರಿ 11:05

ನನ್ನ ಮಗಳಿಗೂ ಇದೇ ಕಾಯಿಲೆ, 7 ವರ್ಷ. ದಿನಕ್ಕೆ ಆರು ಸಲ, ಎಂಟು ಸಲ ಅಂತ ಎಲ್ಲರೂ ಬರೆಯುತ್ತೀರಿ. ಒಂದೊಂದು ಸ್ಟ್ರಿಪ್ಪಿಗೂ ದುಡ್ಡು. ನಮಗೆ ದಿನಕ್ಕೆ ಮೂರು ಆದರೆ ದೊಡ್ಡದು. ಮೂರರಲ್ಲಿ ಯಾವಾಗ ಮಾಡಬೇಕು?

ಶುಗರ್ ಸಿಸ್ಟರ್ · ಬುಧವಾರ, ರಾತ್ರಿ 11:40

ಒಳ್ಳೆಯ ಪ್ರಶ್ನೆ ಕೇಳಿದಿರಿ ಅಣ್ಣ, ಕ್ಲಿನಿಕ್ಕಿನಲ್ಲಿ ಬಹಳ ಜನ ನಾಚಿಕೊಂಡು ಕೇಳುವುದಿಲ್ಲ.

ಆರರಿಂದ ಹತ್ತು ಸಲ ಆದರೆ ಒಳ್ಳೆಯದು ಅನ್ನುವುದು ನಿಜ. ಆಗದಿದ್ದಾಗ ದಿನಾ ಅದೇ ಮೂರು ಹೊತ್ತಿಗೆ ಮಾಡಬೇಡಿ. ಸರದಿ ಹಾಕಿ. ಇವತ್ತು ಬೆಳಿಗ್ಗೆ ತಿಂಡಿಗೆ ಮುಂಚೆ, ತಿಂದು ಎರಡು ಗಂಟೆಗೆ, ಮಲಗುವ ಮುಂಚೆ. ನಾಳೆ ಮಧ್ಯಾಹ್ನದ ಊಟದ ಹಿಂದೆ ಮುಂದೆ, ಮತ್ತೆ ಮಲಗುವ ಮುಂಚೆ. ನಾಡಿದ್ದು ರಾತ್ರಿ ಊಟ. ಒಂದು ವಾರಕ್ಕೆ ಇಡೀ ದಿನದ ಚಿತ್ರ ಸಿಗುತ್ತದೆ. ಎರಡು ಸ್ಟ್ರಿಪ್ ಯಾವಾಗಲೂ ಮೀಸಲು. ಲೋ ಅನ್ನಿಸಿದರೆ, ಹುಷಾರಿಲ್ಲದಿದ್ದರೆ. ಲೋ ಲಕ್ಷಣ ಇದ್ದು ಸ್ಟ್ರಿಪ್ ಇಲ್ಲ ಅಂದರೆ ಕಾಯಬೇಡಿ, ಸಕ್ಕರೆ ಕೊಟ್ಟುಬಿಡಿ.

ಸ್ಟ್ರಿಪ್ ಡಬ್ಬಿ ಮುಚ್ಚಳ ತಕ್ಷಣ ಹಾಕಿ. ಈ ಮಳೆಯ ತೇವಕ್ಕೆ ಕೆಟ್ಟುಹೋಗುತ್ತವೆ. ಒಂದು ಸ್ಟ್ರಿಪ್ ಕೂಡ ವ್ಯರ್ಥ ಆಗಬಾರದು ಅಂದರೆ ಮೊದಲು ಕೈ ಸೋಪು ಹಾಕಿ ತೊಳೆದು ಒರೆಸಿ. ಮಾವಿನಹಣ್ಣು ಮುಟ್ಟಿದ ಬೆರಳಲ್ಲಿ 300 ತೋರಿಸಿ, ತೊಳೆದು ನೋಡಿದರೆ 140 ಇದ್ದದ್ದು ಎಷ್ಟೋ ಸಲ. ಬೆರಳ ತುದಿಯ ಮಧ್ಯಕ್ಕೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಬೆರಳನ್ನೂ ಬದಲಾಯಿಸಿ.

ಡಯಾಬಿಟಿಸ್ ನೋಡುವ ಮಕ್ಕಳ ಡಾಕ್ಟರ್ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇದ್ದಾರೆ. ಜೆ.ಪಿ. ನಗರದ ಸಮತ್ವಂ ಟ್ರಸ್ಟ್ ಅನುಕೂಲ ಇಲ್ಲದ ಮನೆಯ ಟೈಪ್ 1 ಮಕ್ಕಳಿಗೆ ಬಹಳ ವರ್ಷದಿಂದ ನೆರವು ಕೊಡುತ್ತಿದೆ. ಎರಡು ಕಡೆಯೂ ಹೋಗಿ ಕೇಳಿ.

ಇನ್ನೊಂದು ಮಾತು, ಎಲ್ಲರಿಗೂ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಕಸದ ಚೀಲಕ್ಕೆ ಹಾಗೇ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಕಾಮಾಕ್ಷಿಪಾಳ್ಯ ಆಟೋ · ಬುಧವಾರ, ರಾತ್ರಿ 11:52

ಆಯ್ತು ಅಕ್ಕ. ಶನಿವಾರ ಜೆ.ಪಿ. ನಗರಕ್ಕೆ ಹೋಗುತ್ತೇನೆ. ಆ ಕಡೆ ಬಾಡಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಗಿರಿನಗರದ ಅಮ್ಮ · ಶುಕ್ರವಾರ, ರಾತ್ರಿ 10:20

ಎರಡು ದಿನ ಬರೆಯುವ ಮನಸ್ಸಾಗಲಿಲ್ಲ. ಮಂಗಳವಾರ ರಾತ್ರಿ ಅವನು ಮಲಗಿದ ಮೇಲೆ ಮೀಟರ್ ಮೆಮೊರಿ ನೋಡಿದೆ. ಕಳ್ಳಿಯ ಹಾಗೆ ಅಡುಗೆಮನೆಯ ದೀಪದಲ್ಲಿ ನಿಂತು. ವಿಚಿತ್ರ ಏನು ಗೊತ್ತಾ? ಶಾಲೆಯಲ್ಲಿ ಚೆಕ್ ಮಾಡಿದ ದಿನಗಳು ಇವೆ! ತಿಂಗಳಿಗೆ ಆರೇಳು ಸಲ. 290, 265, 311. ಆ ದಿನ ನನಗೆ “ಮರೆತೆ” ಅಂತಲೇ ಹೇಳಿದ್ದಾನೆ. ಮಾಡಿ, ನಂಬರ್ ನೋಡಿ, ಬೈಗುಳದಲ್ಲಿ ಚಿಕ್ಕದನ್ನು ಆರಿಸಿಕೊಂಡಿದ್ದಾನೆ.

ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಇವತ್ತು ಶಾಲೆ ಬಿಟ್ಟ ಮೇಲೆ ದರ್ಶಿನಿಗೆ ಕರೆದುಕೊಂಡು ಹೋದೆ. ಅಲ್ಲಿ ನಿಂತುಕೊಂಡು ತಿನ್ನುವಾಗ ಅವನು ಮಾತು ಜಾಸ್ತಿ ಆಡುತ್ತಾನೆ, ಮನೆಯಲ್ಲಿ ಮುಖ ಕೊಡುವುದಿಲ್ಲ. ಅವನೇ ಚೆಕ್ ಮಾಡಿದ, 203. ನಾನು ಬಾಯಿ ಬಿಡಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ಚಟ್ನಿ ಜೊತೆ ನುಂಗಿದೆ. ಇನ್ಸುಲಿನ್ ಲೆಕ್ಕ ಅವನೇ ಹೇಳಿದ, ಇಡ್ಲಿ ಬಂತು. ಎರಡನೇ ಇಡ್ಲಿ ಹೊತ್ತಿಗೆ ತಾನಾಗಿಯೇ ಕೇಳಿದ: “ಅಮ್ಮ, ಬೈಯಲ್ವಾ?”

ಆಮೇಲೆ ಎಲ್ಲ ಬಂತು. ಮೇಷ್ಟ್ರು ಹೇಳಿದ ಹಾಗೆ ಬಾತ್‌ರೂಮಿನಲ್ಲೇ ಮಾಡಿಕೊಳ್ಳುತ್ತಿದ್ದನಂತೆ. ಒಂದು ಸಲ ಸ್ಟ್ರಿಪ್ ಡಬ್ಬಿ ನೀರಿಗೆ ಬಿತ್ತಂತೆ, ನನಗೆ ಹೇಳಿರಲಿಲ್ಲ. ಕೆಲವು ಹುಡುಗರು “ಅವನ ಹತ್ರ ಕೂರಬೇಡ, ಅಂಟುತ್ತೆ” ಅಂದಿದ್ದಾರಂತೆ. ಊಟದ ಬೆಲ್ ಹೊಡೆದ ಮೇಲೆ ಚೆಕ್ ಮಾಡಿ ಬರುವಷ್ಟರಲ್ಲಿ ಗೆಳೆಯರ ಪಕ್ಕದ ಜಾಗ ಹೋಗಿಬಿಡುತ್ತದಂತೆ. ಇದು ಅವನಿಗೆ ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ನಾನು ಕಿಡ್ನಿ ಬಗ್ಗೆ ಯೋಚಿಸುತ್ತಿದ್ದೆ, ಅವನು ಬೆಂಚಿನ ಬಗ್ಗೆ.

ಒಪ್ಪಂದ ಆಗಿದೆ. ನಾನು ದಿನಾ ನಂಬರ್ ಕೇಳುವುದಿಲ್ಲ. ಭಾನುವಾರ ಇಬ್ಬರೂ ಕೂತು ನೋಡುತ್ತೇವೆ.

ಶುಗರ್ ಸಿಸ್ಟರ್ · ಶುಕ್ರವಾರ, ರಾತ್ರಿ 10:55

ಓದಿ ಕಣ್ಣು ತುಂಬಿತು. ಆದರೆ ಒಂದು ತಿದ್ದುಪಡಿ. ವಾರಕ್ಕೊಮ್ಮೆ ಸಾಲದು. 11 ವರ್ಷದ ಮಗುವಿಗೆ ಪೂರ್ತಿ ಬಿಟ್ಟುಕೊಡುವ ಕಾಲ ಇನ್ನೂ ಬಂದಿಲ್ಲ. ದಿನಾ ರಾತ್ರಿ ಐದು ನಿಮಿಷ ಇಬ್ಬರೂ ಮೀಟರ್ ನೋಡಿ. “ಯಾಕೆ” ಅನ್ನುವ ಪ್ರಶ್ನೆ ಬೇಡ, “ಈಗ ಏನು ಮಾಡೋಣ” ಅನ್ನಿ. ಒಳ್ಳೆ ನಂಬರ್, ಕೆಟ್ಟ ನಂಬರ್ ಅನ್ನಲೂಬೇಡಿ. ಹೈ, ಲೋ, ಅಷ್ಟೇ. 70ಕ್ಕಿಂತ ಕೆಳಗೆ ಇದ್ದರೆ ಅಥವಾ 300 ದಾಟಿದರೆ ಮಾತ್ರ ಆ ಕ್ಷಣವೇ ಟೀಚರ್‌ಗೆ ಹೇಳಬೇಕು, ಅಲ್ಲಿ ರಾಜಿ ಇಲ್ಲ.

ಮತ್ತೆ, ಕದ್ದು ಮೆಮೊರಿ ನೋಡಿದ್ದನ್ನು ಅವನಿಗೆ ಹೇಳಿಬಿಡಿ. ಮುಂದೆ ಗೊತ್ತಾದರೆ ಕಷ್ಟ.

ಗಿರಿನಗರದ ಅಮ್ಮ · ಶುಕ್ರವಾರ, ರಾತ್ರಿ 11:01

ಹೇಳಿದೆ. “ಗೊತ್ತು, ಮೀಟರ್ ಬೇರೆ ಕಡೆ ಇತ್ತು” ಅಂದ.

ಕೋರಮಂಗಲದಿಂದ · ಶನಿವಾರ, ಬೆಳಿಗ್ಗೆ 8:30

ನಾನೂ ಮಗಳನ್ನು ಕೇಳಿಯೇ ಮೆಮೊರಿ ನೋಡಿದೆ. ಬರೆದದ್ದಕ್ಕೂ ಮೀಟರಿಗೂ ಒಂದೂ ವ್ಯತ್ಯಾಸ ಇಲ್ಲ. ಎಲ್ಲರ ಮನೆಗೂ ಒಂದೇ ಮದ್ದು ಅಲ್ಲ, ಅಷ್ಟೇ ಹೇಳುವುದು.

ಹನ್ನೆರಡು ವರ್ಷದ ಸೂಜಿ · ಶನಿವಾರ, ಬೆಳಿಗ್ಗೆ 9:15

ಒಪ್ಪಿದೆ ಆಂಟಿ. ನಿಮ್ಮ ಮಗಳು ನನಗಿಂತ ಗಟ್ಟಿ.

ಗವೀಪುರದ ಅಜ್ಜಿ · ಶನಿವಾರ, ಬೆಳಿಗ್ಗೆ 11:00

ಕಡಲೆಕಾಯಿ ಪರಿಷೆ ಬರುತ್ತಿದೆ. ಈ ಮಕ್ಕಳು ಕಡಲೆಕಾಯಿ ತಿನ್ನಬಹುದಾ ಇಲ್ಲವಾ? ಮೊಮ್ಮಗಳಿಗೆ ಬೇಡ ಅಂದರೆ ನನಗೆ ಮನಸ್ಸು ಬರುವುದಿಲ್ಲ.

ಶುಗರ್ ಸಿಸ್ಟರ್ · ಶನಿವಾರ, ಬೆಳಿಗ್ಗೆ 11:20

ಧಾರಾಳವಾಗಿ. ಬೇಯಿಸಿದ್ದೋ ಹುರಿದದ್ದೋ ಕೊಡಿ, ಸಕ್ಕರೆ ಏರಿಸುವ ಪಿಷ್ಟ ಅದರಲ್ಲಿ ಕಡಿಮೆ. ಬೆಂಡು ಬತ್ತಾಸು ಕೂಡ ಪೂರ್ತಿ ಬೇಡ ಅನ್ನುವುದಿಲ್ಲ, ಲೆಕ್ಕಕ್ಕೆ ಸೇರಿಸಿ ಇನ್ಸುಲಿನ್ ಕೊಡಿ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ನಡೆದು ಸುಸ್ತಾಗುತ್ತಾಳೆ, ಲೋ ಆಗಬಹುದು. ಬತ್ತಾಸು ಜೇಬಿನಲ್ಲಿದ್ದರೆ ಅದೇ ಔಷಧಿ.

ವೈಟ್‌ಫೀಲ್ಡ್ ಅಪ್ಪ · ಶನಿವಾರ, ಮಧ್ಯಾಹ್ನ 12:10

ಅಂದಹಾಗೆ ನವೆಂಬರ್ 14 ಮಕ್ಕಳ ದಿನಾಚರಣೆ ಅಂತ ನಮಗೆ ಗೊತ್ತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ದಿನ, ಅದಕ್ಕೇ ವಿಶ್ವ ಮಧುಮೇಹ ದಿನವೂ ಅಂದೇ. ಮಗಳು ಶಾಲೆಯಲ್ಲಿ ಇದನ್ನು ಹೇಳಿ “ಎರಡೂ ನಂದೇ ದಿನ” ಅಂತ ಎರಡು ಗಿಫ್ಟ್ ವಸೂಲಿ ಮಾಡಿದ್ದಾಳೆ.

ಗಿರಿನಗರದ ಅಮ್ಮ · ಮೂರು ವಾರದ ನಂತರ, ಭಾನುವಾರ, ಸಂಜೆ 6:45

ಏನಾಯಿತು ಅಂತ ಕೆಲವರು ಕೇಳಿದ್ದಿರಿ.

ಪತ್ರ ಕೊಟ್ಟೆವು. ಕ್ಲಾಸ್ ಟೀಚರ್ ಊಟದ ಬೆಲ್‌ಗೆ ಐದು ನಿಮಿಷ ಮುಂಚೆ ಅವನ ಕಡೆ ನೋಡಿ ತಲೆ ಆಡಿಸುತ್ತಾರೆ. ಅಷ್ಟೇ, ಹೆಸರು ಕೂಗುವುದಿಲ್ಲ. ಡೆಸ್ಕಿನಲ್ಲೇ ಚೆಕ್ ಮಾಡಿ, ಚುಚ್ಚಿಕೊಂಡು, ಬೆಲ್ ಹೊಡೆದಾಗ ಎಲ್ಲರ ಜೊತೆ ಓಡುತ್ತಾನೆ. ಬೆಂಚಿನ ಜಾಗ ಉಳಿದಿದೆ. ಅಂಟುತ್ತೆ ಅಂದವನೇ ಈಗ “ಎಷ್ಟು ಬಂತೋ” ಅಂತ ಬಗ್ಗಿ ನೋಡುತ್ತಾನಂತೆ. ರಬ್ಬರ್ ಬ್ಯಾಂಡ್ ಎರಡು ದಿನಕ್ಕೆ ಕಿತ್ತುಹೋಯಿತು, ಅವನೇ ಕ್ರಿಕೆಟ್ ಗ್ರಿಪ್ ಟೇಪ್ ಸುತ್ತಿದ್ದಾನೆ.

ಊಟದ ಚೆಕ್, ಕಳೆದ ಹತ್ತು ಶಾಲಾ ದಿನದಲ್ಲಿ ಎಂಟು. ಆಟದ ಪೀರಿಯಡ್‌ದು ಇನ್ನೂ ಹಾಗೇ. ಚೆಂಡು ಕಂಡರೆ ಅವನಿಗೆ ಬೇರೇನೂ ಕಾಣುವುದಿಲ್ಲ. ಇದು ನಿಜವಾದ ಮರೆವು, ಮುಖ ನೋಡಿದರೇ ಗೊತ್ತಾಗುತ್ತದೆ. ಪಿ.ಟಿ. ಸರ್ ಫುಟ್‌ಬಾಲ್ ಬಲೆಯೊಳಗೇ ಪೌಚು ಇಡೋಣ ಅಂದಿದ್ದಾರೆ, ನಾಳೆಯಿಂದ ನೋಡಬೇಕು.

ಮೊನ್ನೆ ರಾತ್ರಿ ಮೀಟರ್ ನೋಡುವಾಗ 312 ಇತ್ತು. ನಾನು ಏನೂ ಕೇಳಲಿಲ್ಲ. “ಯಾರದ್ದೋ ಬರ್ತ್‌ಡೇ, ಕೇಕ್ ತಿಂದೆ. ಲೆಕ್ಕಕ್ಕೆ ಹಾಕೋದು ಮರೆತೆ. ಟೀಚರ್‌ಗೆ ಹೇಳ್ದೆ” ಅಂದ. ಈ ಸಲದ “ಮರೆತೆ” ನಂಬಿದೆ.

ಇನ್ನು ವ್ಯಾನ್ ಡ್ರೈವರ್‌ಗೆ ಗ್ಲೂಕೋಸ್ ಪ್ಯಾಕೆಟ್ ಕೊಡಬೇಕು. ಹೋದ ವಾರ ಕೊಟ್ಟದ್ದನ್ನು ಬಾಯಾರಿಕೆ ಆಯಿತು ಅಂತ ಅವರೇ ಕುಡಿದುಬಿಟ್ಟಿದ್ದಾರೆ.

ಕಾಮಾಕ್ಷಿಪಾಳ್ಯ ಆಟೋ · ಭಾನುವಾರ, ರಾತ್ರಿ 8:02

ಎರಡು ಪ್ಯಾಕೆಟ್ ಕೊಡಿ ಅಕ್ಕ. ಒಂದು ಅವರಿಗೆ.